ಗೋಡೆಯ ಮೇಲೆ ಸಾವಿನ ಪಾಠ

ರೋಮ್ ನಗರದ ಚೇಲಿಯೋ ಗುಡ್ಡದ ಮೇಲೆ ಸಂತ ಸ್ತೆಫನನ ಹೆಸರಿನ ದುಂಡನೆಯ ಚರ್ಚೊಂದಿದೆ. ಐದನೆಯ ಶತಮಾನದ ಕಟ್ಟಡ. ಹೊರನೋಟಕ್ಕೆ ತೀರಾ ಸಾದಾ. ಒಳಹೊಕ್ಕು ಸುತ್ತುಗೋಡೆಯತ್ತ ಕಣ್ಣು ಹಾಯಿಸಿದವರು ಮಾತ್ರ ಬೆಚ್ಚಿಬೀಳುತ್ತಾರೆ. ಕುದಿಯುವ ಎಣ್ಣೆಯ ಕೊಪ್ಪರಿಗೆಯಲ್ಲಿ ಯೋಹಾನ, ಸಿಂಹಗಳ ಬಾಯಲ್ಲಿ ಇಗ್ನೇಷಿಯಸ್, ಸ್ತನಗಳನ್ನು ಕತ್ತರಿಸಲಾಗುತ್ತಿರುವ ಅಗಾಥಾ, ಎರಡು ಬಂಡೆಗಳ ನಡುವೆ ಅಪ್ಪಚ್ಚಿಯಾಗುತ್ತಿರುವ ಆರ್ಟೆಮಿಯಸ್! ಕ್ರಿಸ್ತನಿಗಾಗಿ ಪ್ರಾಣ ತೆತ್ತ ರಕ್ತಸಾಕ್ಷಿಗಳ ಚಿತ್ರಗಳಿವು. ಒಟ್ಟು ಮೂವತ್ತಕ್ಕೂ ಹೆಚ್ಚು.

ಇವುಗಳಲ್ಲಿ ಬಹುಪಾಲನ್ನು 1581-82ರ ಸುಮಾರಿಗೆ ಬರೆದವನು ನಿಕೊಲೊ ಚಿರ್ಚಿನ್ಯಾನಿ. ಆಗ ಪೋಪ್ ಆಗಿದ್ದವರು 13ನೇ ಗ್ರೆಗರಿ. ಇಂದು ಮನೆಮನೆಯ ಗೋಡೆಯಲ್ಲಿ ತೂಗುವ ಕ್ಯಾಲೆಂಡರಿನ ಲೆಕ್ಕವನ್ನು 1582ರಲ್ಲಿ ಜಾರಿಗೆ ತಂದವರೂ ಇವರೇ. ಚಿತ್ರಗಳದ್ದು ಹಸಿ ಗಾರೆಯ ಮೇಲೆ ಬಣ್ಣ ಹಚ್ಚುವ ಫ್ರೆಸ್ಕೋ ವಿಧಾನ. ಗಾರೆಯ ಸುಣ್ಣವು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗುವಾಗ ಬಣ್ಣದ ಕಣಗಳನ್ನೂ ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಗಾರೆ ಆರುವುದರೊಳಗೆ ಕೆಲಸ ಮುಗಿಯಬೇಕು.

ಚಿತ್ರಗಳ ಭೀಕರತೆಗಿಂತ ಸ್ವಾರಸ್ಯಕರವಾದದ್ದು ಅವುಗಳ ಜೋಡಣೆ. ಒಂದೊಂದು ಘಟನೆಗೂ ಎ, ಬಿ, ಸಿ ಎಂದು ಅಕ್ಷರದ ಗುರುತು. ಕೆಳಗೆ ಲ್ಯಾಟಿನ್ ಮತ್ತು ಇಟಾಲಿಯನ್ ಭಾಷೆಗಳಲ್ಲಿ ವಿವರಣೆ. ಜೀವಶಾಸ್ತ್ರದ ಪಠ್ಯದಲ್ಲಿ ಕಪ್ಪೆಯ ಅಂಗಾಂಗಗಳನ್ನು ಗುರುತಿಸಿರುತ್ತಾರಲ್ಲ, ಥೇಟ್ ಹಾಗೆಯೇ! ಸಾಯುತ್ತಿರುವವರ ಮುಖದಲ್ಲಾದರೋ ನೋವಿನ ಸುಳಿವೇ ಇಲ್ಲ. ಇದೇ ಚರ್ಚಿನಲ್ಲಿ ಏಳನೆಯ ಶತಮಾನದ ಮೊಸಾಯಿಕ್ ಒಂದಿದೆ. ಅದರಲ್ಲಿ ಪ್ರೈಮಸ್ ಮತ್ತು ಫೆಲಿಸಿಯನ್ ಎಂಬ ರಕ್ತಸಾಕ್ಷಿಗಳು ರತ್ನಖಚಿತ ಶಿಲುಬೆಯ ಇಕ್ಕೆಲಗಳಲ್ಲಿ ಸುಮ್ಮನೆ ನಿಂತಿದ್ದಾರೆ. ಕತ್ತಿಯಿಲ್ಲ, ರಕ್ತವಿಲ್ಲ. ಕಲೆಯ ದೃಷ್ಟಿಯಿಂದ ಅದೇ ಮೇಲು ಎನ್ನಬೇಕು.

ಚಾರ್ಲ್ಸ್ ಡಿಕನ್ಸ್ 1846ರಲ್ಲಿ ಪ್ರಕಟವಾದ ತನ್ನ ಇಟಲಿ ಪ್ರವಾಸ ಕಥನದಲ್ಲಿ ಈ ಗೋಡೆಗಳ ಬಗ್ಗೆ ಅಸಹ್ಯಪಟ್ಟೇ ಬರೆದಿದ್ದಾನೆ. ಆದರೆ ಇವು ಪ್ರವಾಸಿಗರಿಗೆಂದು ಬರೆದ ಚಿತ್ರಗಳಲ್ಲ. ಚರ್ಚು ಆಗ ಜೆಸ್ವಿಟರು ನಡೆಸುತ್ತಿದ್ದ ಜರ್ಮನ್-ಹಂಗೇರಿಯನ್ ಕಾಲೇಜಿನ ವಶದಲ್ಲಿತ್ತು. ಅಲ್ಲಿ ಕಲಿತ ಹುಡುಗರು ಪಾದ್ರಿಗಳಾಗಿ, ಪ್ರಾಟೆಸ್ಟೆಂಟ್ ಪಂಥ ಬಲವಾಗಿ ಬೇರೂರಿದ್ದ ತಮ್ಮ ನಾಡುಗಳಿಗೆ ಹಿಂದಿರುಗಬೇಕಿತ್ತು. ಮುಂದೆ ಏನು ಬೇಕಾದರೂ ಎದುರಾಗಬಹುದು ಎಂಬುದನ್ನು ಗೋಡೆಯೇ ಕಲಿಸುತ್ತಿತ್ತು.

ಅದು ಬರೀ ಕಲ್ಪನೆಯ ಭಯವೂ ಆಗಿರಲಿಲ್ಲ. 1581ರ ಡಿಸೆಂಬರ್ 1ರಂದು ಲಂಡನ್ನಿನ ಟೈಬರ್ನ್‌ನಲ್ಲಿ ಜೆಸ್ವಿಟ್ ಪಾದ್ರಿ ಎಡ್ಮಂಡ್ ಕ್ಯಾಂಪಿಯನ್‌ನನ್ನು ಗಲ್ಲಿಗೇರಿಸಿ ದೇಹವನ್ನು ತುಂಡರಿಸಲಾಯಿತು. ಅಂದೇ ಪ್ರಾಣ ಕಳೆದುಕೊಂಡ ರಾಲ್ಫ್ ಶೆರ್ವಿನ್ ರೋಮ್‌ನ ಇಂಗ್ಲಿಷ್ ಕಾಲೇಜಿನಲ್ಲಿ ಓದಿದವನು. 1583ರ ಸುಮಾರಿಗೆ ಆ ಕಾಲೇಜಿನ ಚರ್ಚಿನಲ್ಲೂ ಚಿರ್ಚಿನ್ಯಾನಿ ಇಂಥದೇ ಸರಣಿಯೊಂದನ್ನು ಬರೆದ. ಪ್ರಾಚೀನರ ಸಾಲಿಗೆ ಕ್ಯಾಂಪಿಯನ್ನನ ಸಾವೂ ಸೇರಿತು. ಅಲ್ಲಿ ಪ್ರಾರ್ಥನೆಗೆ ಮೊಣಕಾಲೂರುತ್ತಿದ್ದ ವಿದ್ಯಾರ್ಥಿಗಳಿಗೆ ಅದು ಪುರಾಣವಲ್ಲ, ಮೊನ್ನೆ ಮೊನ್ನೆಯ ಸುದ್ದಿ. ಮುಂದಿನ ನೂರು ವರ್ಷಗಳಲ್ಲಿ ಆ ಕಾಲೇಜಿನ ನಲವತ್ತಕ್ಕೂ ಹೆಚ್ಚು ಮಂದಿ ಹೀಗೆಯೇ ಸತ್ತರು.

ಇಂಗ್ಲಿಷ್ ಕಾಲೇಜಿನ ಚಿತ್ರಗಳು ಕಾಲಾಂತರದಲ್ಲಿ ಅಳಿದುಹೋದವು. ಆದರೆ ಜೊವಾನ್ನಿ ಬಟಿಸ್ಟಾ ಕವಲಿಯೇರಿ ಎಂಬಾತ 1584ರಲ್ಲೇ ಅವುಗಳ ಪ್ರತಿಗಳನ್ನು ತಾಮ್ರದ ಫಲಕಗಳಲ್ಲಿ ಕೊರೆದು ಅಚ್ಚು ಹಾಕಿಸಿದ್ದ. ಮೂರು ಶತಮಾನಗಳ ನಂತರ, 1886ರಲ್ಲಿ, ಪೋಪ್ 13ನೇ ಲಿಯೋ 54 ಮಂದಿ ಇಂಗ್ಲಿಷ್ ರಕ್ತಸಾಕ್ಷಿಗಳಿಗೆ ಸಂತ ಪದವಿಯ ಹಿಂದಿನ ಮೆಟ್ಟಿಲಾದ 'ಪುನೀತ' ಪದವಿ ನೀಡಿದಾಗ ಮುಖ್ಯ ಆಧಾರವಾದದ್ದು ಈ ಚಿತ್ರಗಳೇ. ಇವರ ಚಿತ್ರಗಳನ್ನು ಚರ್ಚಿನಲ್ಲಿ ಬರೆಯಲು ಪೋಪ್ ಗ್ರೆಗರಿಯವರೇ ಒಪ್ಪಿದ್ದರೆಂದ ಮೇಲೆ ಬೇರೆ ಪುರಾವೆ ಏಕೆ ಎಂಬುದು ವಾದ. ಕ್ಯಾಂಪಿಯನ್ ಮತ್ತು ಶೆರ್ವಿನ್ 1970ರಲ್ಲಿ ಸಂತರಾದರು.