ಡಾಕ್ಟರಾಗಬೇಕೆ, ಡಾಕ್ಟರರ ಬಲಗೈಯಾಗಬೇಕೆ?

ನೀಟ್ ಫಲಿತಾಂಶ ಬಂದ ಕೆಲವು ದಿನಗಳಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು ತಾಯಿಯೊಂದಿಗೆ ನಮ್ಮ ಮನೆಗೆ ಬಂದಳು. ಎರಡು ಬಾರಿ ಪರೀಕ್ಷೆ ಬರೆದರೂ ಸರಕಾರಿ ಸೀಟು ಸಿಗುವಷ್ಟು ಅಂಕ ಬಂದಿರಲಿಲ್ಲ. ಖಾಸಗಿ ಕಾಲೇಜಿನ ಶುಲ್ಕ ತಂದೆಯ ಕೈಗೆಟುಕುವಂಥದ್ದಲ್ಲ.

"ಟೀಚರ್, ಫಿಸಿಶಿಯನ್ ಅಸಿಸ್ಟೆಂಟ್ ಅಂತ ಕೋರ್ಸ್ ಇದೆಯಂತೆ. ಅದೂ ಡಾಕ್ಟರೇ ಅಲ್ಲವಾ?" ತಾಯಿ ಕೇಳಿದರು.

ಅಲ್ಲ. ಹೆತ್ತವರು ಮೊದಲು ತಿಳಿಯಬೇಕಾದದ್ದು ಇದನ್ನೇ.

ಈ ವೃತ್ತಿ ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿ ವೈದ್ಯರ ಕೊರತೆಯಿದ್ದ ಕಾಲದಲ್ಲಿ, 1965ರಲ್ಲಿ, ಡ್ಯೂಕ್ ವಿಶ್ವವಿದ್ಯಾಲಯದ ಡಾ. ಯೂಜೀನ್ ಸ್ಟೆಡ್ ಈ ತರಬೇತಿ ಆರಂಭಿಸಿದರು. ನೌಕಾಪಡೆಯಲ್ಲಿ ವೈದ್ಯಕೀಯ ಸಹಾಯಕರಾಗಿ ದುಡಿದವರೇ ಮೊದಲ ವಿದ್ಯಾರ್ಥಿಗಳು. ನಮ್ಮ ದೇಶದಲ್ಲಿ 1992ರಲ್ಲಿ ಚೆನ್ನೈಯ ಮದ್ರಾಸ್ ಮೆಡಿಕಲ್ ಮಿಷನ್ ಇದನ್ನು ಪ್ರಾರಂಭಿಸಿತು. 2021ರ ಕೇಂದ್ರ ಕಾಯ್ದೆಯೊಂದು ಇದನ್ನು ಆರೋಗ್ಯ ವೃತ್ತಿಗಳ ಪಟ್ಟಿಯಲ್ಲಿ ಸೇರಿಸಿದೆ.

ಕೆಲಸವೇನು? ರೋಗಿಯ ಹಿನ್ನೆಲೆ ವಿಚಾರಿಸುವುದು, ತಪಾಸಣೆ ಮಾಡುವುದು, ವಾರ್ಡ್ ರೌಂಡ್ಸ್‌ನಲ್ಲಿ ಜೊತೆಗಿರುವುದು, ಶಸ್ತ್ರಚಿಕಿತ್ಸೆಯಲ್ಲಿ ನೆರವಾಗುವುದು, ಡಿಸ್ಚಾರ್ಜ್ ಸಾರಾಂಶ ಸಿದ್ಧಪಡಿಸುವುದು, ಮನೆಯವರಿಗೆ ವಿವರಿಸಿ ಹೇಳುವುದು. ಎಲ್ಲವೂ ವೈದ್ಯರ ಮೇಲ್ವಿಚಾರಣೆಯಲ್ಲೇ. ಸ್ವಂತ ಕ್ಲಿನಿಕ್ ತೆರೆಯುವಂತಿಲ್ಲ. ಇದನ್ನು ಮುಗಿಸಿ ನೇರವಾಗಿ ಎಂ.ಬಿ.ಬಿ.ಎಸ್. ನಡುವಿಗೆ ಸೇರುವ ದಾರಿಯೂ ಇಲ್ಲ. ಡಾಕ್ಟರಾಗಬೇಕೆನಿಸಿದರೆ ಮತ್ತೆ ನೀಟ್ ಬರೆದು ಮೊದಲ ವರ್ಷದಿಂದಲೇ ತೊಡಗಬೇಕು.

ಎಂ.ಬಿ.ಬಿ.ಎಸ್.ಗೆ ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ತಜ್ಞರಾಗಲು ಇನ್ನೊಂದು ಪ್ರವೇಶ ಪರೀಕ್ಷೆ, ಮತ್ತೆ ಮೂರು ವರ್ಷ. ಅಸಿಸ್ಟೆಂಟ್ ಕೋರ್ಸ್ ನಮ್ಮಲ್ಲಿ ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷದ್ದಾಗಿ ಬೆಳೆದುಬಂದಿದೆ. ಬೇಗನೆ ದುಡಿಮೆಗೆ ನಿಲ್ಲಬಹುದು. ಆದರೆ ಕೊನೆಯ ತೀರ್ಮಾನವೂ ಅದರ ಹೊಣೆಯೂ ಡಾಕ್ಟರದ್ದೇ.

ಸೇರುವ ಮುನ್ನ ಕಾಲೇಜಿಗೆ ಮಾನ್ಯತೆ ಇದೆಯೇ, ಅದಕ್ಕೆ ಸ್ವಂತ ಆಸ್ಪತ್ರೆ ಇದೆಯೇ, ಹಿಂದೆ ಕಲಿತವರು ಎಲ್ಲಿ ಕೆಲಸದಲ್ಲಿದ್ದಾರೆ ಎಂದು ವಿಚಾರಿಸಿ. "ವಿದೇಶದಲ್ಲಿ ಭಾರೀ ಬೇಡಿಕೆ" ಎಂಬ ಮಾತಿಗೆ ಮರುಳಾಗಬೇಡಿ. ಅಮೆರಿಕದಲ್ಲಿ ಈ ವೃತ್ತಿಯ ಪರೀಕ್ಷೆ ಬರೆಯಲು ಅಲ್ಲಿನ ಮಾನ್ಯ ಕೋರ್ಸನ್ನೇ ಮುಗಿಸಿರಬೇಕು.

ಇಷ್ಟೆಲ್ಲ ಕೇಳಿದ ತಾಯಿ ಸುಮ್ಮನಾದರು. "ನೆರೆಕರೆಯವರಿಗೆಲ್ಲ ಮಗಳು ಡಾಕ್ಟರಾಗುತ್ತಾಳೆ ಎಂದು ಹೇಳಿಬಿಟ್ಟಿದ್ದೇನೆ" ಎಂದರು ಮೆಲ್ಲಗೆ.

ನಾನು ಹುಡುಗಿಯ ಕಡೆ ತಿರುಗಿದೆ. "ನಿನಗೆ ಬೇಕಾದದ್ದು ಡಾಕ್ಟರೆಂಬ ಹೆಸರೋ, ರೋಗಿಯ ಬಳಿಯ ಕೆಲಸವೋ?"

"ಅಜ್ಜಿ ಆಸ್ಪತ್ರೆಯಲ್ಲಿದ್ದಾಗ ಡಾಕ್ಟರ್ ಎರಡು ನಿಮಿಷ ಬಂದು ಹೋಗುತ್ತಿದ್ದರು. ಏನಾಗಿದೆ ಎಂದು ಕೂತು ಹೇಳುವವರೇ ಇರಲಿಲ್ಲ. ನನಗೆ ಆ ಕೆಲಸ ಬೇಕು. ಉಮ್ಮ ಒಪ್ಪಿದರೆ."

ತಾಯಿ ಮಗಳ ಕೈ ಹಿಡಿದುಕೊಂಡರು. ಕಾಲೇಜು ನೋಡಿ ಬರಲು ಮರುದಿನವೇ ಹೊರಟರು.

ಚಿಕಿತ್ಸೆಯನ್ನು ತಾನೇ ನಿರ್ಧರಿಸುವ ಹಂಬಲ ನಿಮ್ಮ ಮಗುವಿಗಿದ್ದರೆ, ಮನೆಯ ಶಕ್ತಿ ನೋಡಿ ಇನ್ನೊಮ್ಮೆ ನೀಟ್ ಬರೆಯಲಿ. ಹಾಗಿಲ್ಲದೆ ಅಸಿಸ್ಟೆಂಟ್ ಕೋರ್ಸಿಗೆ ಸೇರಿಸಿದರೆ ಜೀವನವಿಡೀ ಕೊರಗುವಂತಾದೀತು. ರೋಗಿಯ ಸೇವೆಯೇ ಸಾಕೆನ್ನುವ ಮಗುವನ್ನು ನೆರೆಕರೆಯವರ ಮಾತಿಗಾಗಿ ತಡೆಯಬೇಡಿ.