ಪರಿಮಳಕ್ಕೆ ಒಡೆಯರುಂಟೇ?

ಒಬ್ಬನು ರಚಿಸಿದ ಕಾವ್ಯವನ್ನು ಮತ್ತೊಬ್ಬನು ತನ್ನದೆಂದು ಅಚ್ಚು ಹಾಕಿಸಿದರೆ ಶಾಸನವು ಅವನನ್ನು ತಡೆಯುತ್ತದೆ. ಹಲವು ದ್ರವ್ಯಗಳನ್ನು ವರ್ಷಗಟ್ಟಲೆ ತೂಗಿ ಬೆರಸಿ ನೂತನ ಪರಿಮಳವನ್ನು ಸಿದ್ಧಪಡಿಸಿದ ಗಂಧಿಗನಿಗೆ ಅಂಥ ರಕ್ಷಣೆ ಏಕಿರಬಾರದೆಂಬ ಪ್ರಶ್ನೆಯು ಸಹಜವಾದುದೇ ಆಗಿದೆ.

2006ರ ಜೂನ್ ತಿಂಗಳಿನಲ್ಲಿ ಯೂರೋಪಿನ ಎರಡು ಪರಮೋಚ್ಚ ನ್ಯಾಯಸ್ಥಾನಗಳು ಮೂರೇ ದಿನಗಳ ಅಂತರದಲ್ಲಿ ಇದಕ್ಕೆ ಪರಸ್ಪರ ವಿರುದ್ಧವಾದ ಉತ್ತರಗಳನ್ನಿತ್ತವು. ಸುಗಂಧವು ಕೈಗಾರಿಕೆಯ ಕೌಶಲವೇ ಹೊರತು ಬುದ್ಧಿಯ ಕೃತಿಯಲ್ಲವೆಂದು 13ನೆಯ ತಾರೀಖು ಫ್ರಾನ್ಸಿನ ನ್ಯಾಯಸ್ಥಾನವು ಹೇಳಿತು. ಲಾಂಕೋಮ್ ಸಂಸ್ಥೆಯ ‘ತ್ರೆಸೋರ್’ ಪರಿಮಳವು ಕೃತಿಸ್ವಾಮ್ಯಕ್ಕೆ ಅರ್ಹವೆಂದು 16ನೆಯ ತಾರೀಖು ಹಾಲೆಂಡಿನ ನ್ಯಾಯಸ್ಥಾನವು ತೀರ್ಪಿತ್ತಿತು. ಆದರೆ 2018ರಲ್ಲಿ ಯೂರೋಪು ಒಕ್ಕೂಟದ ನ್ಯಾಯಸ್ಥಾನವು ಚೀಸಿನ ರುಚಿಗೆ ಕೃತಿಸ್ವಾಮ್ಯವು ಸಲ್ಲದು, ರುಚಿಯನ್ನು ನಿಷ್ಕೃಷ್ಟವಾಗಿ ಗುರುತಿಸಲಾಗದು ಎಂದುದರಿಂದ ಆ ತೀರ್ಪಿನ ಬಲವು ಕುಂದಿತು. ಪೇಟೆಂಟು ಪಡೆಯೋಣವೆಂದರೆ ಗುಟ್ಟನ್ನು ಬಹಿರಂಗಪಡಿಸಬೇಕು. ಗುಟ್ಟನ್ನು ಕಾಪಾಡೋಣವೆಂದರೆ ಸುಗಂಧದ ಘಟಕಗಳನ್ನು ಬಿಡಿಸಿ ತೋರಿಸುವ ಯಂತ್ರಗಳು ಈಗ ಪ್ರಯೋಗಶಾಲೆಗಳಲ್ಲಿವೆ. ಸಾಮಾನ್ಯವಾಗಿ ಶಾಸನವು ಕಾಯುವುದು ಹೆಸರನ್ನೂ ಸೀಸೆಯ ರೂಪವನ್ನೂ ಮಾತ್ರವೇ.

ಇದು ಗಂಧಿಗನಿಗೆ ನಷ್ಟವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೂ ಪರಿಮಳದ ಮೇಲೆ ಏಕಸ್ವಾಮ್ಯವನ್ನು ಕೊಡುವ ಮೊದಲು ನಮ್ಮ ನಾಡಿನ ಶ್ರೀಗಂಧದ ಕಥೆಯನ್ನು ನೆನೆಯುವುದು ಒಳ್ಳೆಯದು. ಟಿಪ್ಪು ಸುಲ್ತಾನನ ಕಾಲದಿಂದ ರಾಜವೃಕ್ಷವೆನಿಸಿದ ಈ ಮರವು ರೈತನ ಹೊಲದಲ್ಲಿ ಬೆಳೆದರೂ ಸರ್ಕಾರದ ಸ್ವತ್ತಾಗಿತ್ತು. ತನ್ನದಲ್ಲದ ಮರವನ್ನು ಕಾಯುವ ಉತ್ಸಾಹವು ರೈತನಿಗೆ ಹೇಗೆ ಬಂದೀತು? 2001ರ ತಿದ್ದುಪಡಿಯಿಂದ ಮಾತ್ರ ಭೂಮಿಯ ಒಡೆಯನೇ ಮರದ ಒಡೆಯನಾದನು. ಅಷ್ಟರಲ್ಲಿ ಕಾಡಿನ ಗಂಧವು ಬಹುಮಟ್ಟಿಗೆ ಬರಿದಾಗಿತ್ತು.

ಗುಲಾಬಿ, ಮಲ್ಲಿಗೆ, ಗಂಧಗಳ ಸೌರಭವು ಸರ್ವರ ಸೊತ್ತಾಗಿರಲಿ. ಹೆಸರಿನ ವಂಚನೆಯನ್ನು ಮಾತ್ರ ಕಠಿನವಾಗಿ ದಂಡಿಸತಕ್ಕದ್ದು. 1999ರ ಭೌಗೋಳಿಕ ಸೂಚನೆಗಳ ಶಾಸನವು ಈ ಮಾರ್ಗದಲ್ಲಿಯೇ ನಡೆದಿದೆ. ಮೈಸೂರಿನ ಗಂಧದೆಣ್ಣೆ, ಮೈಸೂರಿನ ಊದುಬತ್ತಿ, ಕನೌಜಿನ ಅತ್ತರು, ಇವುಗಳ ಹೆಸರು ಅದರಡಿಯಲ್ಲಿ ದಾಖಲಾಗಿದ್ದು, ಒಬ್ಬ ವ್ಯಕ್ತಿಗಲ್ಲದೆ ಆಯಾ ಊರಿನ ಕಸುಬಿಗೆ ಸಲ್ಲುತ್ತದೆ.

ಆದರೆ ದಾಖಲೆಯಿಂದ ಮರ ಬೆಳೆಯದು. 1916ರಲ್ಲಿ ಮೈಸೂರು ಸಂಸ್ಥಾನವು ಗಂಧದೆಣ್ಣೆಯನ್ನು ಇಲ್ಲಿಯೇ ಬಟ್ಟಿ ಇಳಿಸಲು ತೊಡಗಿದಾಗ ಮರಕ್ಕೆ ಕೊರತೆಯಿರಲಿಲ್ಲ. ಗಂಧ ಬೆಳೆಯುವ ರೈತನಿಗೆ ಕಳ್ಳರಿಂದ ರಕ್ಷಣೆಯನ್ನೂ ನ್ಯಾಯವಾದ ಬೆಲೆಯನ್ನೂ ಒದಗಿಸುವುದು ಸರ್ಕಾರದ ಮೊದಲ ಕರ್ತವ್ಯ. ಅದನ್ನು ಮರೆತರೆ ಮೈಸೂರಿಗೆ ಉಳಿಯುವುದು ಹೆಸರೊಂದೇ.