ಮಗುವಿಗೆ ಫಿಟ್ಸ್ ಬಂದಾಗ

ಮಗುವಿಗೆ ಮೊದಲ ಸಲ ಫಿಟ್ಸ್ ಬಂದರೆ ಮನೆಯಲ್ಲಿ ಗಾಬರಿಯೋ ಗಾಬರಿ. ಒಬ್ಬರು ಬೀಗದ ಕೈ ತಂದು ಅಂಗೈಗೆ ತುರುಕುತ್ತಾರೆ, ಇನ್ನೊಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿಯುತ್ತಾರೆ, ಮತ್ತೊಬ್ಬರು ಹಲ್ಲಿನ ನಡುವೆ ಚಮಚ ಇಡಲು ನೋಡುತ್ತಾರೆ. ಬೆಂಗಳೂರಿನ ಕಮ್ಮನಹಳ್ಳಿಯ ವಠಾರಗಳಲ್ಲಿ ಈ ಸಲಹೆಗಳು ಕನ್ನಡ, ತಮಿಳು, ಮಲಯಾಳ ಮೂರರಲ್ಲೂ ಬರುತ್ತವೆ. ಯಾವುದರಿಂದಲೂ ಫಿಟ್ಸ್ ನಿಲ್ಲುವುದಿಲ್ಲ; ಚಮಚದಿಂದ ಹಲ್ಲು ಮುರಿಯಬಹುದು.

ಮಾಡಬೇಕಾದದ್ದು ಇಷ್ಟೆ. ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಿ, ತಲೆಯಡಿ ಮಡಚಿದ ಟವೆಲ್ ಇಡಿ. ಬಾಯಿಗೆ ಏನೂ ಹಾಕಬೇಡಿ, ನೀರು ಕೂಡ. ಕೈಕಾಲು ಅದುಮಬೇಡಿ. ಗಡಿಯಾರ ನೋಡಿ. ಬಹುಪಾಲು ಸೆಳೆತ ಎರಡು ಮೂರು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ. 5 ನಿಮಿಷ ದಾಟಿದರೆ ಅಥವಾ ಎಚ್ಚರವಾಗುವ ಮೊದಲೇ ಮತ್ತೆ ಶುರುವಾದರೆ 108ಕ್ಕೆ ಕರೆ ಮಾಡಿ. ಮೊದಲ ಸಲವಾದರೆ ನಿಂತ ಮೇಲೂ ತಡಮಾಡದೆ ವೈದ್ಯರಿಗೆ ತೋರಿಸಿ. ಜೊತೆಗಿರುವವರು ಮೊಬೈಲಿನಲ್ಲಿ ವಿಡಿಯೊ ಮಾಡಲಿ. ಆ ಹೊತ್ತಿನಲ್ಲಿ ಅದು ಕಲ್ಲೆದೆಯ ಕೆಲಸ ಅನ್ನಿಸುತ್ತದೆ, ನಿಜ. ಆದರೆ ಕಣ್ಣು ಯಾವ ಕಡೆಗೆ ಎಳೆಯಿತು, ಯಾವ ಕೈ ಮೊದಲು ಅದುರಿತು ಅನ್ನುವುದು ವೈದ್ಯರಿಗೆ ಬಹಳ ಮುಖ್ಯ.

ಆರು ತಿಂಗಳಿಂದ ಐದು ವರ್ಷದೊಳಗೆ ಜ್ವರದ ಜೊತೆ ಬರುವ ಫಿಟ್ಸ್ ಬೇರೆಯೇ. ಅಂಥ ಬಹುತೇಕ ಮಕ್ಕಳಿಗೆ ಮುಂದೆ ಅಪಸ್ಮಾರ, ಅಂದರೆ ಫಿಟ್ಸ್ ಮರುಕಳಿಸುತ್ತಲೇ ಇರುವ ಕಾಯಿಲೆ, ಬರುವುದಿಲ್ಲ.

ನಮ್ಮ ಸೀಮೆಯ ತಂದೆತಾಯಿಗೆ ತಿಳಿದಿರಲೇಬೇಕಾದ ಇನ್ನೊಂದು ಸಂಗತಿ ಇದೆ: ಬಿಸಿನೀರಿನ ಅಪಸ್ಮಾರ. ಪ್ರಪಂಚದಲ್ಲಿ ಅಪರೂಪವಾದ ಇದು ದಕ್ಷಿಣ ಕರ್ನಾಟಕದಲ್ಲಿ ಅಪರೂಪವಲ್ಲ. ಬೆಂಗಳೂರಿನ ನರರೋಗ ತಜ್ಞ ಕೆ.ಎಸ್. ಮಣಿ 1970ರ ದಶಕದಲ್ಲೇ ಇದರ ಬಗ್ಗೆ ಬರೆದರು; 1988ರಲ್ಲಿ ನಿಮ್ಹಾನ್ಸ್‌ನ ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 279 ಜನರ ಅಧ್ಯಯನ ಪ್ರಕಟಿಸಿದರು. ಕಾರಣ ಹುಡುಕಿದರೆ ನಮ್ಮ ಬಚ್ಚಲಿಗೇ ಬರಬೇಕು. ತಲೆಸ್ನಾನದ ದಿನ ಹೊಗೆಯಾಡುವ ನೀರನ್ನು ಚೊಂಬಿನ ಮೇಲೆ ಚೊಂಬು, ಬಿಡುವಿಲ್ಲದೆ ನೆತ್ತಿಗೆ ಹೊಯ್ಯುತ್ತೇವಲ್ಲ, ಅದೇ ಕೆಲವು ಮಕ್ಕಳ ಮಿದುಳನ್ನು ಕೆರಳಿಸುತ್ತದೆ. ಗಂಡುಮಕ್ಕಳಲ್ಲಿ ಹೆಚ್ಚು. ಮಗು ದಿಟ್ಟಿ ನೆಟ್ಟು ಕೂತುಬಿಡುತ್ತದೆ, ಏನೇನೋ ತೊದಲುತ್ತದೆ. ಕೆಲವರಂತೂ ನಿಲ್ಲಿಸಲಾಗದೆ ಇನ್ನೂ ನೀರು ಹೊಯ್ದುಕೊಳ್ಳುತ್ತಾರೆ. ಹಟ ಎಂದು ಗದರುವ ಮೊದಲು ನೀರು ಮುಟ್ಟಿ ನೋಡಿ. ಉಗುರುಬೆಚ್ಚಗೆ ಮಾಡಿ, ನೆತ್ತಿಗೆ ಸುರಿಯದೆ ಒದ್ದೆ ಬಟ್ಟೆಯಿಂದ ತಲೆ ಒರೆಸಿದರೆ ಎಷ್ಟೋ ಮಕ್ಕಳಿಗೆ ಅಷ್ಟೇ ಸಾಕಾಗುತ್ತದೆ. ಸಾಲದವರಿಗೆ ಸ್ನಾನಕ್ಕೆ ಮುಂಚೆ ಕೊಡುವ ಮಾತ್ರೆಯಿದೆ, ವೈದ್ಯರೇ ಬರೆದುಕೊಡಬೇಕು.

ಇದೇ ಮಣಿಯವರು ಯಳಂದೂರಿನ ಹಳ್ಳಿಗಳಲ್ಲಿ ಅಗ್ಗದ ಮಾತ್ರೆಗಳನ್ನೇ ತಪ್ಪದೆ ಕೊಡಿಸಿ ಅಪಸ್ಮಾರ ಹತೋಟಿಗೆ ತರಬಹುದೆಂದು ತೋರಿಸಿದರು. ತಪ್ಪದೆ ಕೊಡುವುದೇ ಕಷ್ಟ. ಆರು ತಿಂಗಳು ಫಿಟ್ಸ್ ಬರದಿದ್ದರೆ ವಾಸಿಯಾಯಿತೆಂದು ನಿಲ್ಲಿಸಿಬಿಡುತ್ತಾರೆ, ಅದು ಮತ್ತೆ ಜೋರಾಗಿ ಬರಬಹುದು. ಸಾಮಾನ್ಯವಾಗಿ ಕನಿಷ್ಠ ಎರಡು ವರ್ಷ ಫಿಟ್ಸ್ ಇಲ್ಲದಿದ್ದ ಮೇಲೆಯೇ ವೈದ್ಯರು ನಿಧಾನಕ್ಕೆ ಡೋಸ್ ಇಳಿಸುವುದು.

ಎಷ್ಟೋ ಮನೆಗಳಲ್ಲಿ ಈ ಕಾಯಿಲೆಯನ್ನು ಮುಚ್ಚಿಡುತ್ತಾರೆ; ಹೆಣ್ಣುಮಗುವಾದರೆ ಇನ್ನೂ ಹೆಚ್ಚು, ಮದುವೆಯ ಚಿಂತೆ. ಅಪಸ್ಮಾರ ಇದ್ದವರ ವಿವಾಹಕ್ಕೆ ಹಿಂದೂ ವಿವಾಹ ಕಾಯ್ದೆಯಲ್ಲಿದ್ದ ಅಡ್ಡಿಯನ್ನು 1999ರಲ್ಲೇ ತೆಗೆದುಹಾಕಲಾಗಿದೆ. ಶಾಲೆಗಂತೂ ಹೇಳಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಔಷಧದ ಹೆಸರು, ಡೋಸ್, ಫಿಟ್ಸ್ ಬಂದರೆ ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು ಎಂದು ಒಂದು ಹಾಳೆಯಲ್ಲಿ ಬರೆದು ಕ್ಲಾಸ್ ಟೀಚರ್ ಕೈಗೆ ಕೊಡಿ. ಆಟಕ್ಕೆ ಬಿಡಬೇಡಿ ಎಂದು ಮಾತ್ರ ಅದರಲ್ಲಿ ಬರೆಯಬೇಡಿ; ಈಜಿಗೆ ದೊಡ್ಡವರೊಬ್ಬರು ಪಕ್ಕದಲ್ಲೇ ಇರಬೇಕು, ಅಷ್ಟೆ.